ಟ್ರ್ಯಾಕ್‌ನಲ್ಲಿ ಇಎಸ್‌ಸಿ ಎಷ್ಟಿರಬೇಕು? ಐದು ದಾರಿಗಳ ಹೋಲಿಕೆ

ಮೊದಲ ಸಲ ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನಕ್ಕೆ, ಹೊರಟವರು ಟೈರಿಗೆ ಗಾಳಿ ಎಷ್ಟು ಹಾಕಬೇಕು ಅಂತ ಕೇಳುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: "ಇಎಸ್‌ಸಿ ಆಫ್ ಮಾಡ್ಲಾ, ಬೇಡ್ವಾ?" ಇಎಸ್‌ಸಿ ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಜಾರುವ ಕಾರನ್ನು ಹಿಡಿಯುವ ಕಂಪ್ಯೂಟರ್ ವ್ಯವಸ್ಥೆ. ಉತ್ತರ ಕೊಡುವವರಲ್ಲಿ ಎರಡು ಗುಂಪು. ಅದು ಆನ್ ಇದ್ದರೆ ಕಾರು ಓಡಿಸುವುದು ಕಂಪ್ಯೂಟರ್, ನೀವಲ್ಲ ಅನ್ನುವವರು ಒಂದು ಕಡೆ. ಆಫ್ ಮಾಡಿದರೆ ಕಾರು ಗೋಡೆಗೆ ಹೋಗುವುದು ಗ್ಯಾರಂಟಿ ಅನ್ನುವವರು ಇನ್ನೊಂದು ಕಡೆ.

ನನ್ನ ಪ್ರಕಾರ ಇಬ್ಬರೂ ಹಳೇ ಕಾಲದ ಸ್ವಿಚ್ ತಲೆಯಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ. ಈಗಿನ ಸ್ಪೋರ್ಟ್ಸ್ ಕಾರುಗಳಲ್ಲಿ ಆನ್‌ಗೂ ಆಫ್‌ಗೂ ನಡುವೆ ಎಷ್ಟೋ ಮೆಟ್ಟಿಲುಗಳಿವೆ. ಕೇಳಬೇಕಾದದ್ದು ಬೇರೆ: ಕಾರು ಎಷ್ಟು ಜಾರಿದ ಮೇಲೆ ಕಂಪ್ಯೂಟರ್ ಕೈ ಹಾಕಬೇಕು? ಹಾಕಿದರೆ ಎಷ್ಟು ಜೋರಾಗಿ ಹಾಕಬೇಕು? ಇದಕ್ಕೆ ಉತ್ತರ ಡ್ರೈವರ್ ಮೇಲೆ, ಕಾರಿನ ಮೇಲೆ, ಟ್ರ್ಯಾಕ್ ಮೇಲೆ ನಿಂತಿದೆ.

ಅದು ಒಳಗೆ ಮಾಡುವ ಕೆಲಸ

ಹೆಸರು ಕಂಪನಿಗೊಂದು. ಬಿಎಂಡಬ್ಲ್ಯೂದವರು ಡಿಎಸ್‌ಸಿ ಅನ್ನುತ್ತಾರೆ, ಪೋರ್ಷೆಯವರು ಪಿಎಸ್‌ಎಂ, ಟೊಯೋಟಾದವರು ವಿಎಸ್‌ಸಿ, ಮರ್ಸಿಡಿಸ್‌ನವರು ಇಎಸ್‌ಪಿ. ಕೆಲಸ ಮಾತ್ರ ಒಂದೇ. ನೀವು ಸ್ಟೀರಿಂಗ್ ಎಷ್ಟು ತಿರುಗಿಸಿದ್ದೀರಿ ಅಂತ ಒಂದು ಸೆನ್ಸರ್ ಹೇಳುತ್ತದೆ. ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ ಅಂತ ಇನ್ನೊಂದು ಹೇಳುತ್ತದೆ. ನಾಲ್ಕೂ ಚಕ್ರಗಳ ವೇಗ, ಪಕ್ಕಕ್ಕೆ ಎಳೆಯುವ ಬಲ, ಇವೂ ಲೆಕ್ಕಕ್ಕೆ ಸೇರುತ್ತವೆ. ನೀವು ಕೇಳಿದ್ದಕ್ಕೂ ಕಾರು ಮಾಡುತ್ತಿರುವುದಕ್ಕೂ ತಾಳೆ ಆಗದಿದ್ದರೆ ಕಂಪ್ಯೂಟರ್ ಎಂಜಿನ್ ಪವರ್ ಇಳಿಸಿ, ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಹಿಂಭಾಗ ಜಾರಿದರೆ ಹೊರಬದಿಯ ಮುಂದಿನ ಚಕ್ರಕ್ಕೆ. ಮುಂಭಾಗ ತಿರುಗದೆ ನೇರ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರಕ್ಕೆ. ಇದು ಯಾವ ಡ್ರೈವರ್ ಕೈಲೂ ಆಗದ ಕೆಲಸ. ನಮ್ಮ ಕಾಲಿನ ಕೆಳಗೆ ಇರುವ ಬ್ರೇಕ್ ಪೆಡಲ್ ಒಂದೇ ಅಲ್ವಾ.

1995ರಲ್ಲಿ ಬಾಷ್ ಜೊತೆ ಸೇರಿ ಮರ್ಸಿಡಿಸ್ ಇದನ್ನು ತನ್ನ ದೊಡ್ಡ ಎಸ್-ಕ್ಲಾಸ್ ಕೂಪೆಯಲ್ಲಿ ತಂದಿತು. 1997ರಲ್ಲಿ ಅದೇ ಕಂಪನಿಯ ಪುಟ್ಟ ಎ-ಕ್ಲಾಸ್ ಕಾರು ಸ್ವೀಡನ್‌ನಲ್ಲಿ ನಡೆದ 'ಮೂಸ್ ಟೆಸ್ಟ್'ನಲ್ಲಿ, ಅಂದರೆ ಅಡ್ಡ ಬಂದದ್ದನ್ನು ತಪ್ಪಿಸಲು ತಟ್ಟನೆ ಸ್ಟೀರಿಂಗ್ ತಿರುಗಿಸುವ ಪರೀಕ್ಷೆಯಲ್ಲಿ, ಪಲ್ಟಿ ಹೊಡೆಯಿತು. ಆಮೇಲೆ ಆ ಕಾರಿಗೆಲ್ಲ ಇಎಸ್‌ಪಿ ಸ್ಟ್ಯಾಂಡರ್ಡ್ ಆಯಿತು, ಜನಕ್ಕೂ ಹೆಸರು ಪರಿಚಯ ಆಯಿತು. ಅಮೆರಿಕದಲ್ಲಿ 2012ರ ಮಾಡೆಲ್‌ಗಳಿಂದ, ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಪ್ಯಾಸೆಂಜರ್ ಕಾರುಗಳಿಗೂ ಕಡ್ಡಾಯ. ಅಂದರೆ ಮೂಲತಃ ಇದು ಮಳೆಯಲ್ಲಿ ಮನೆಗೆ ಹೋಗುವವರಿಗಾಗಿ ಹುಟ್ಟಿದ್ದು. ಟ್ರ್ಯಾಕ್‌ನಲ್ಲಿ ಅದರ ಜೊತೆ ಜಗಳ ಶುರುವಾಗುವುದು ಈ ಕಾರಣಕ್ಕೇ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಟ್ರಾಕ್ಷನ್ ಕಂಟ್ರೋಲ್ ಬೇರೆ, ಸ್ಟೆಬಿಲಿಟಿ ಕಂಟ್ರೋಲ್ ಬೇರೆ. ನೀವು ಆಕ್ಸಿಲರೇಟರ್ ಒತ್ತಿದಾಗ ಚಕ್ರ ಸುಮ್ನೆ ಗಿರಕಿ ಹೊಡೆಯದಂತೆ ನೋಡಿಕೊಳ್ಳುವುದು ಟ್ರಾಕ್ಷನ್ ಕಂಟ್ರೋಲ್. ಕಾರು ಹೋಗುತ್ತಿರುವ ದಿಕ್ಕನ್ನು ಕಾಯುವುದು ಸ್ಟೆಬಿಲಿಟಿ ಕಂಟ್ರೋಲ್. ಎಷ್ಟೋ ಕಾರುಗಳಲ್ಲಿ ಇಎಸ್‌ಸಿ ಬಟನ್ ಒಮ್ಮೆ ಒತ್ತಿ ಬಿಟ್ಟರೆ ಮೊದಲನೆಯದು ಮಾತ್ರ ಹೋಗುತ್ತದೆ. ಕೆಲವು ಸೆಕೆಂಡು ಒತ್ತಿ ಹಿಡಿದರೆ ಎರಡೂ ಹೋಗುತ್ತವೆ. "ನಾನು ಆಫ್ ಮಾಡಿಯೇ ಓಡಿಸಿದ್ದು" ಅನ್ನುವವರಲ್ಲಿ ಅರ್ಧಕ್ಕರ್ಧ ಜನ ಆಫ್ ಮಾಡಿರುವುದು ಮೊದಲನೆಯದನ್ನಷ್ಟೇ ಅಂತ ನನ್ನ ಗುಮಾನಿ.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು, ಮಜಾ ಅಂದರೆ ನಿಮಗೆ ಏನು. ಪ್ರತಿ ಲ್ಯಾಪೂ ಒಂದೇ ಸಮ, ಚೊಕ್ಕವಾಗಿ ಬರಬೇಕು ಅನ್ನುವವರು ಒಬ್ಬರು. ತಿರುವಿನಲ್ಲಿ ಆಕ್ಸಿಲರೇಟರ್‌ನಿಂದಲೇ ಕಾರಿನ ಮೂತಿ ತಿರುಗಿಸುವ ಸುಖ ಬೇಕು ಅನ್ನುವವರು ಇನ್ನೊಬ್ಬರು. ಹೊಗೆ ಎಬ್ಬಿಸಿ ಡ್ರಿಫ್ಟ್ ಮಾಡಬೇಕು ಅನ್ನುವವರು ಮತ್ತೊಬ್ಬರು. ಈ ಮೂವರಿಗೂ ಒಂದೇ ಸೆಟ್ಟಿಂಗ್ ಆಗುವುದಿಲ್ಲ.

ಎರಡನೆಯದು, ಕಾರು ಜಾರಿದಾಗ ನಿಮ್ಮ ಕೈ ತಾನಾಗಿ ಎದುರು ದಿಕ್ಕಿಗೆ ಹೋಗುತ್ತದಾ, ಅಥವಾ ಯೋಚನೆ ಮಾಡಿ ಹೋಗುತ್ತದಾ? ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಯೋಚನೆಗೆ ಅಲ್ಲಿ ಜಾಗ ಇಲ್ಲ.

ಮೂರನೆಯದು ಕಾರಿನ ಸ್ವಭಾವ. ಎಂಜಿನ್ ಮುಂದಿರುವ, ಪವರ್ ಕಮ್ಮಿ ಇರುವ ಕಾರು ಜಾರುವ ಮೊದಲು ಹೇಳಿ ಜಾರುತ್ತದೆ. ಎಂಜಿನ್ ನಡುವೆ ಇರುವ, ಅಗಲ ಟೈರಿನ ಕಾರು ತುಂಬಾ ಹೊತ್ತು ಹಿಡಿದುಕೊಂಡಿರುತ್ತದೆ. ಬಿಟ್ಟಾಗ ಒಮ್ಮೆಗೇ ಬಿಡುತ್ತದೆ. ಟೈರಿನ ಕಥೆಯೂ ಹಾಗೇ. ಗೆರೆ ಕಮ್ಮಿ ಇರುವ ಸೆಮಿ-ಸ್ಲಿಕ್ ಟೈರು ಹಾಕಿದರೆ ಗ್ರಿಪ್ ಜಾಸ್ತಿ, ಆದರೆ ಮಿತಿ ದಾಟಿದ ಮೇಲೆ ಕ್ಷಮಿಸುವುದು ಕಮ್ಮಿ.

ನಾಲ್ಕನೆಯದು ಟ್ರ್ಯಾಕ್. ತಿರುವಿನ ಹೊರಗೆ ಎಷ್ಟು ಖಾಲಿ ಜಾಗ ಇದೆ, ಗೋಡೆ ಎಷ್ಟು ಹತ್ತಿರ, ಆ ತಿರುವಿನಲ್ಲಿ ವೇಗ ಎಷ್ಟು. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 60ರಲ್ಲಿ ಸ್ಪಿನ್ ಆದರೆ ನಗಬಹುದು. 120ರಲ್ಲಿ ಆದರೆ ಅದೇ ಸ್ಪಿನ್‌ಗೆ ನಗು ಬರುವುದಿಲ್ಲ.

ಕೊನೆಯದು ಖರ್ಚು. ಅದನ್ನು ಆಮೇಲೆ ನೋಡೋಣ, ಯಾಕೆಂದರೆ ಅಲ್ಲಿ ಬಹಳ ಜನ ಅಂದುಕೊಂಡಿರುವುದು ಉಲ್ಟಾ ಇದೆ.

ದಾರಿ ಒಂದು: ಪೂರ್ತಿ ಆನ್

ಇದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಹೊಸ ಟ್ರ್ಯಾಕ್, ಹೊಸ ಕಾರು, ಒದ್ದೆ ರಸ್ತೆ, ಈ ಮೂರರಲ್ಲಿ ಯಾವುದೇ ಒಂದಿದ್ದರೂ ಮೊದಲ ಸೆಷನ್ ಹೀಗೇ ಓಡಿಸಿ. ನಾಚಿಕೆ ಪಡುವ ವಿಷಯ ಅಲ್ಲ.

ತೊಂದರೆ ಏನೆಂದರೆ, ರಸ್ತೆಗಾಗಿ ಮಾಡಿದ ಸೆಟ್ಟಿಂಗ್ ಬಹಳ ಬೇಗ ಹೆದರುತ್ತದೆ. ಟೈರು ಅತಿ ಹೆಚ್ಚು ಹಿಡಿತ ಕೊಡುವುದು ಸ್ವಲ್ಪ ಜಾರುತ್ತಿರುವಾಗಲೇ. ಒಣ ರಸ್ತೆಯಲ್ಲಿ ಅದು ಸುಮಾರು 10ರಿಂದ 20 ಶೇಕಡ ಸ್ಲಿಪ್ ಇರುವಾಗ. ಪೂರ್ತಿ ಆನ್ ಇರುವ ಸಿಸ್ಟಂ ಅಷ್ಟಕ್ಕೂ ಬಿಡುವುದಿಲ್ಲ. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತುತ್ತೀರಿ, ಎಂಜಿನ್ ಅರ್ಧ ಸೆಕೆಂಡು ಸತ್ತ ಹಾಗೆ ಆಗುತ್ತದೆ, ಹಳದಿ ಲ್ಯಾಂಪ್ ಮಿಣುಕುತ್ತದೆ, ಕಾರು ಮತ್ತೆ ಎದ್ದು ಓಡುತ್ತದೆ. ಲ್ಯಾಪ್ ಪೂರ್ತಿ ಹೀಗೇ ಆದರೆ ಬೇಜಾರು ಬರುವುದು ಸಹಜ.

ಆದರೆ ಆ ಲ್ಯಾಂಪ್ ಒಳ್ಳೆಯ ಮೇಷ್ಟ್ರು. ಅದು ಎಲ್ಲಿ ಮಿಣುಕಿತು ಅಂತ ಗಮನಿಸಿ. ಪ್ರತಿ ಲ್ಯಾಪಲ್ಲೂ ಅದೇ ತಿರುವಿನ ಅದೇ ಜಾಗದಲ್ಲಿ ಮಿಣುಕಿದರೆ, ಅಲ್ಲಿ ನೀವು ಸ್ಟೀರಿಂಗ್ ಬಿಚ್ಚುವ ಮೊದಲೇ ಆಕ್ಸಿಲರೇಟರ್ ಒತ್ತುತ್ತಿದ್ದೀರಿ ಅಂತ ಅರ್ಥ. ಲ್ಯಾಂಪ್ ಒಮ್ಮೆಯೂ ಹೊತ್ತದಂತೆ, ಆದರೆ ಲ್ಯಾಪ್ ಟೈಮ್ ಕೆಡದಂತೆ ಓಡಿಸಲು ಬಂದರೆ ಮುಂದಿನ ಮೆಟ್ಟಿಲಿಗೆ ರೆಡಿ.

ದಾರಿ ಎರಡು: ಸ್ಪೋರ್ಟ್ ಅಥವಾ ಟ್ರ್ಯಾಕ್ ಮೋಡ್

ನನ್ನನ್ನು ಕೇಳಿದರೆ ಟ್ರ್ಯಾಕ್‌ಗೆ ಬರುವ ಹತ್ತರಲ್ಲಿ ಎಂಟು ಜನರ ಜಾಗ ಇದು. ಇಲ್ಲಿ ಸಿಸ್ಟಂ ಎದ್ದೇ ಇರುತ್ತದೆ, ಆದರೆ ಅದಕ್ಕೆ ಸ್ವಲ್ಪ ಧೈರ್ಯ ತುಂಬಿರುತ್ತಾರೆ. ಕಾರು ಒಂದು ಮಟ್ಟಕ್ಕೆ ಜಾರಲು ಬಿಟ್ಟು, ಕೈಮೀರುವ ಹೊತ್ತಿಗೆ ಹಿಡಿಯುತ್ತದೆ.

ಹಿಡಿಯುವುದು ಅಂದರೆ ಹೇಗೆ ಅಂತ ಒಂದು ತಿರುವಿನಲ್ಲಿ ನೋಡೋಣ. ಥರ್ಡ್ ಗೇರ್, ಎಡಕ್ಕೆ ತಿರುಗುವ ಉದ್ದನೆಯ ತಿರುವು, ವೇಗ 100ರ ಆಸುಪಾಸು. ನಡುವೆ ಬಂದಾಗ ವೇಗ ಜಾಸ್ತಿ ಆಯಿತು ಅನ್ನಿಸಿ ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತೀರಿ. ಹೊಸಬರೆಲ್ಲ ಮಾಡುವುದು ಇದನ್ನೇ. ಕಾಲು ತೆಗೆದ ಕೂಡಲೇ ಕಾರಿನ ಭಾರ ಮುಂದಕ್ಕೆ ಬರುತ್ತದೆ. ಹಿಂದಿನ ಟೈರುಗಳು ಹಗುರ ಆಗುತ್ತವೆ. ಸೀಟಿನ ಕೆಳಗೆ ಏನೋ ಮೆತ್ತಗಾದ ಹಾಗೆ ಅನ್ನಿಸುತ್ತದೆ, ಮೂತಿ ಬೇಕಾದ್ದಕ್ಕಿಂತ ಒಳಗೆ ತಿರುಗುತ್ತದೆ. ಪೂರ್ತಿ ಆನ್ ಇದ್ದಿದ್ದರೆ ಈ ಮೆತ್ತಗಾಗುವುದು ನಿಮ್ಮ ಗಮನಕ್ಕೇ ಬರುತ್ತಿರಲಿಲ್ಲ. ಕಂಪ್ಯೂಟರ್ ಅಷ್ಟರಲ್ಲಿ ಮುಗಿಸಿಬಿಡುತ್ತಿತ್ತು. ಪೂರ್ತಿ ಆಫ್ ಇದ್ದಿದ್ದರೆ, ಕೈ ಒಂದು ಗಳಿಗೆ ತಡ ಆದರೂ ಕಾರು ಹಿಂದುಮುಂದಾಗುತ್ತಿತ್ತು. ಟ್ರ್ಯಾಕ್ ಮೋಡ್‌ನಲ್ಲಿ ನಿಮಗೆ ಜಾರಿದ್ದು ಗೊತ್ತಾಗುತ್ತದೆ, ಸ್ಟೀರಿಂಗ್ ಬಲಕ್ಕೆ ತಿರುಗಿಸಲು ಸಮಯ ಸಿಗುತ್ತದೆ, ನೀವು ಸರಿಯಾಗಿ ಮಾಡಿದರೆ ಸಿಸ್ಟಂ ಸುಮ್ಮನಿರುತ್ತದೆ. ಮಾಡದಿದ್ದರೆ ಬಲ ಮುಂದಿನ ಚಕ್ರದಿಂದ ಗರಗರ ಅನ್ನುವ ಸದ್ದು ಬರುತ್ತದೆ, ಕಾರು ಒಮ್ಮೆ ಒದರಿಕೊಂಡು ನೇರ ಆಗುತ್ತದೆ. ಆ ಸದ್ದು ಬಂದರೆ ಪರೀಕ್ಷೆಯಲ್ಲಿ ಫೇಲ್ ಅಂತ ಲೆಕ್ಕ. ಆದರೆ ಕಾರಿಗೆ ಏನೂ ಆಗಿಲ್ಲ, ಮುಂದಿನ ಲ್ಯಾಪಿನಲ್ಲಿ ಮತ್ತೆ ಪರೀಕ್ಷೆ ಬರೆಯಬಹುದು.

ಇದು ಚೆನ್ನಾಗಿರುವ ಕಾರು ಸಿಗಲು ಕೋಟ್ಯಧಿಪತಿ ಆಗಬೇಕಿಲ್ಲ. ಟೊಯೋಟಾ ಜಿಆರ್86 ಮತ್ತು ಅದರ ಅವಳಿ ಸುಬಾರು ಬಿಆರ್‌ಜೆಡ್‌ನಲ್ಲಿ ಟ್ರ್ಯಾಕ್ ಮೋಡ್ ಇದೆ. ಮಜ್ದಾ ಎಂಎಕ್ಸ್-5ಗೆ ಬಹಳ ವರ್ಷ ಆನ್, ಆಫ್ ಎರಡೇ ಇತ್ತು. 2023ರ ಕೊನೆಯಲ್ಲಿ ಬಂದ ಸುಧಾರಿತ ಮಾಡೆಲ್‌ನಲ್ಲಿ ಡಿಎಸ್‌ಸಿ-ಟ್ರ್ಯಾಕ್ ಅಂತ ಒಂದು ಮೋಡ್ ಸೇರಿಸಿದರು. ಡ್ರೈವರ್ ಎದುರು ಸ್ಟೀರಿಂಗ್ ಕೊಟ್ಟು ಸಂಭಾಳಿಸುತ್ತಿರುವ ತನಕ ಅದು ತಲೆ ಹಾಕುವುದಿಲ್ಲ, ಸ್ಪಿನ್ ಆಗುವುದು ಖಚಿತ ಅನ್ನಿಸಿದಾಗ ಮಾತ್ರ ಬರುತ್ತದೆ. ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ತೂಗುವ ಪುಟ್ಟ ಕಾರಿಗೇ ಇದು ಬೇಕು ಅಂತ ಕಂಪನಿಗೆ ಅನ್ನಿಸಿದೆ ಅಂದ ಮೇಲೆ, 500 ಕುದುರೆಶಕ್ತಿಯ ಕಾರಿಗೆ ಬೇಡ ಅನ್ನುವವರ ವಾದ ನನಗೆ ಅರ್ಥ ಆಗುವುದಿಲ್ಲ.

ಮೇಲಿನ ತುದಿಯಲ್ಲಿ ಫೆರಾರಿ ಇದೆ. 2004ರ ಎಫ್430 ಕಾರಿನ ಸ್ಟೀರಿಂಗ್ ಮೇಲೆ ಮನೆಟ್ಟಿನೊ ಅನ್ನುವ ಪುಟ್ಟ ಕೆಂಪು ಸ್ವಿಚ್ ಬಂತು. 2013ರ 458 ಸ್ಪೆಶಿಯಾಲೆಯಲ್ಲಿ ಸೈಡ್ ಸ್ಲಿಪ್ ಕಂಟ್ರೋಲ್ ಸೇರಿತು. ಕಾರು ಎಷ್ಟು ಅಡ್ಡ ಜಾರುತ್ತಿದೆ ಅಂತ ಅದು ಆಗಿಂದಾಗ ಲೆಕ್ಕ ಹಾಕಿ, ಆ ಕೋನಕ್ಕೆ ಎಷ್ಟು ಪವರ್ ಸರಿಯೋ ಅಷ್ಟನ್ನೇ ಬಿಡುತ್ತದೆ. ಸಾಧಾರಣ ಡ್ರೈವರ್ ಕೂಡ ಅದರಲ್ಲಿ ಹೀರೋ ತರ ಕಾಣುತ್ತಾನೆ. ಇದನ್ನು ಮೋಸ ಅನ್ನುವವರಿದ್ದಾರೆ. ಕಾರಿನ ಹಿಂಭಾಗ ಅಡ್ಡ ಹೋಗುವುದು, ಅದನ್ನು ಕೈಯಲ್ಲಿ ಹಿಡಿದುಕೊಂಡಿರುವುದು ಎರಡೂ ನಿಜ. ತಪ್ಪಿನ ಶಿಕ್ಷೆ ಮಾತ್ರ ಕಮ್ಮಿ ಮಾಡಿದ್ದಾರೆ. ನನಗಂತೂ ಅದರಲ್ಲಿ ಮೋಸ ಕಾಣುವುದಿಲ್ಲ.

ಉಲ್ಟಾ ಉದಾಹರಣೆ ಆಲ್ಫಾ ರೋಮಿಯೋ ಜೂಲಿಯಾ ಕ್ವಾಡ್ರಿಫೊಲಿಯೊ. 510 ಕುದುರೆಶಕ್ತಿ, ಹಿಂದಿನ ಚಕ್ರಕ್ಕೆ ಪವರ್, ಓಡಿಸಲು ಬೊಂಬಾಟ್ ಕಾರು. ಆದರೆ ಡೈನಮಿಕ್ ಮೋಡ್‌ನಿಂದ ಮುಂದೆ ಹೋದರೆ ನೇರ ರೇಸ್ ಮೋಡ್, ಅಲ್ಲಿ ಇಎಸ್‌ಸಿ ಪೂರ್ತಿ ಮಲಗುತ್ತದೆ. ನಡುವೆ ನಿಲ್ಲುವುದಕ್ಕೆ ಮೆಟ್ಟಿಲಿಲ್ಲ. ಅಷ್ಟು ಪವರ್ ಇರುವ ಕಾರಿನಲ್ಲಿ ಈ ಮೆಟ್ಟಿಲು ಬಿಟ್ಟಿದ್ದು ದೊಡ್ಡ ಕೊರತೆ ಅಂತಲೇ ನಾನು ಹೇಳುವುದು.

ದಾರಿ ಮೂರು: ಸ್ಟೆಬಿಲಿಟಿ ಆಫ್, ಟ್ರಾಕ್ಷನ್ ಮಾತ್ರ ನಿಮ್ಮ ಕೈಯಲ್ಲಿ

ಇದು ರೇಸ್ ಕಾರುಗಳ ಕಡೆಯಿಂದ ಬಂದ ದಾರಿ. ಜಿಟಿ3 ಅನ್ನುವ ವರ್ಗದ ರೇಸ್ ಕಾರುಗಳಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವುದು) ಮತ್ತು ಟ್ರಾಕ್ಷನ್ ಕಂಟ್ರೋಲ್ ಇರುತ್ತವೆ. ಎರಡಕ್ಕೂ ಸ್ಟೀರಿಂಗ್ ಹತ್ತಿರವೇ ತಿರುಗಿಸುವ ಗುಂಡಿ. ಟೈರ್ ಸವೆದ ಹಾಗೆ, ಮಳೆ ಬಂದ ಹಾಗೆ ಡ್ರೈವರ್ ಅದನ್ನು ಮೇಲೆ ಕೆಳಗೆ ಮಾಡುತ್ತಿರುತ್ತಾನೆ. "ನಿಜವಾದ ರೇಸರ್‌ಗೆ ಎಲೆಕ್ಟ್ರಾನಿಕ್ಸ್ ಬೇಡ" ಅನ್ನುವವರು ಇದನ್ನು ಒಮ್ಮೆ ನೋಡಬೇಕು. ಫಾರ್ಮುಲಾ ಒನ್‌ನಲ್ಲಿ 2008ರಲ್ಲಿ ಟ್ರಾಕ್ಷನ್ ಕಂಟ್ರೋಲ್ ನಿಷೇಧ ಆಯಿತು, ನಿಜ. ಅದು ನಿಧಾನ ಅಂತಲ್ಲ, ಡ್ರೈವರ್ ಕೆಲಸವನ್ನು ಅದು ಬಹಳ ಚೆನ್ನಾಗಿ ಮಾಡುತ್ತಿತ್ತು ಅಂತ.

ರಸ್ತೆ ಕಾರುಗಳಿಗೂ ಇಂಥ ಹಂತಗಳು ಬಂದಿವೆ. 2010ರ ಕಾರ್ವೆಟ್ ಜೆಡ್‌ಆರ್1ನಲ್ಲಿ ಐದು ಹಂತದ ಪರ್ಫಾರ್ಮೆನ್ಸ್ ಟ್ರಾಕ್ಷನ್ ಮ್ಯಾನೇಜ್‌ಮೆಂಟ್ ಬಂತು, ಒದ್ದೆ ರಸ್ತೆಯಿಂದ ರೇಸ್ ತನಕ. ಮರ್ಸಿಡಿಸ್-ಎಎಂಜಿ ಜಿಟಿ ಆರ್‌ನಲ್ಲಿ ಹಳದಿ ಗುಂಡಿ, ಒಂಬತ್ತು ಹಂತ. ಈಗಿನ ಬಿಎಂಡಬ್ಲ್ಯೂ ಎಂ3, ಎಂ4ಗಳಲ್ಲಿ ಹತ್ತು ಹಂತ. ಎಎಂಜಿ ಮತ್ತು ಬಿಎಂಡಬ್ಲ್ಯೂ ಹಂತಗಳು ಕೆಲಸ ಶುರು ಮಾಡುವುದೇ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಿದ ಮೇಲೆ. ಪೋರ್ಷೆ 2009ರ 911 ಜಿಟಿ3ನಲ್ಲಿ ಇದನ್ನೇ ಸರಳವಾಗಿ ಮಾಡಿತ್ತು: ಮೊದಲು ಸ್ಟೆಬಿಲಿಟಿ ತೆಗೆಯಿರಿ, ಬೇಕಾದರೆ ಆಮೇಲೆ ಟ್ರಾಕ್ಷನ್ ಕೂಡ.

ಇದರ ಸೊಗಸು ತಿರುವಿನಿಂದ ಹೊರಬರುವಾಗ. ಒಂದು ಹಂತ ಇಳಿಸಿದರೆ ಹಿಂಭಾಗ ಸ್ವಲ್ಪ ಜಾಸ್ತಿ ಸರಿಯುತ್ತದೆ, ಇನ್ನೊಂದು ಇಳಿಸಿದರೆ ಮತ್ತಷ್ಟು. ನಿಮ್ಮ ಬಲಗಾಲು ಎಷ್ಟು ಕಲಿತಿದೆ ಅಂತ ನೀವೇ ಅಳೆದುಕೊಳ್ಳಬಹುದು.

ಆದರೆ ಒಂದು ವಿಷಯ ಇಲ್ಲಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಟ್ರಾಕ್ಷನ್ ಕಂಟ್ರೋಲ್ ನೋಡುವುದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ. ಮೇಲೆ ಹೇಳಿದ ತಿರುವಿನಲ್ಲಿ ಕಾಲು ತೆಗೆದದ್ದರಿಂದ ಕಾರು ಜಾರಿತಲ್ಲ, ಅದಕ್ಕೆ ಇದು ಏನೂ ಮಾಡುವುದಿಲ್ಲ. ತಿರುವಿಗೆ ಬ್ರೇಕ್ ಹಿಡಿದುಕೊಂಡೇ ನುಗ್ಗಿದಾಗ ಹಿಂಭಾಗ ಸಡಿಲ ಆದರೂ ಅಷ್ಟೇ. ಗುಂಡಿ ಅತಿ ಹೆಚ್ಚು ಕಾಯುವ ಹಂತದಲ್ಲಿ ಇದ್ದರೂ ಆ ಗಳಿಗೆಯಲ್ಲಿ ನೀವು ಒಬ್ಬರೇ. ಆದ್ದರಿಂದ ಈ ದಾರಿ ಎರಡನೆಯದಕ್ಕಿಂತ ಮೇಲಿನ ಮೆಟ್ಟಿಲು, ಅದರ ಬದಲಿ ಅಲ್ಲ.

ದಾರಿ ನಾಲ್ಕು: ಪೂರ್ತಿ ಆಫ್

ಡ್ರಿಫ್ಟ್ ಮಾಡಬೇಕಾ, ಬೇರೆ ದಾರಿ ಇಲ್ಲ, ಇದೇ ಬೇಕು. ಇಲ್ಲವೇ ಮೆಕ್ಯಾನಿಕಲ್ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ (ಪವರ್ ಎಲ್ಲ ಒಂದೇ ಚಕ್ರದಲ್ಲಿ ಪೋಲಾಗದಂತೆ ತಡೆಯುವ ಭಾಗ) ಇರುವ ಕಾರನ್ನು ಅದರ ಸ್ವಂತ ಗುಣದಲ್ಲಿ ನೋಡಬೇಕು ಅಂದರೆ ಇದು ಬೇಕು. ಕಾಲು, ಕೈ, ಟೈರು, ರಸ್ತೆ, ನಡುವೆ ಯಾರೂ ಇಲ್ಲ. ಅದರ ಖುಷಿ ಬೇರೆಯೇ, ಸುಳ್ಳು ಹೇಳುವುದಿಲ್ಲ.

ಲ್ಯಾಪ್ ಟೈಮ್ ಕಮ್ಮಿ ಆಗುತ್ತದೆ ಅಂತ ಮಾತ್ರ ಆಫ್ ಮಾಡಬೇಡಿ. ಒಳ್ಳೆಯ ಟ್ರ್ಯಾಕ್ ಮೋಡ್ ಇರುವ ಕಾರಿನಲ್ಲಿ ಹವ್ಯಾಸಿ ಡ್ರೈವರ್‌ಗೆ ಆಫ್ ಮಾಡಿದ್ದರಿಂದ ಸಮಯ ಉಳಿಯುವುದು ಅಪರೂಪ. ಹೆದರಿಕೆಯಿಂದ ಬ್ರೇಕ್ ಬೇಗ ಹಿಡಿದು, ಆಕ್ಸಿಲರೇಟರ್ ತಡವಾಗಿ ಒತ್ತಿ, ನಿಧಾನ ಆಗುವವರೇ ಜಾಸ್ತಿ.

ಆಫ್ ಅಂತ ಬರೆದಿದ್ದರೂ ಪೂರ್ತಿ ಆಫ್ ಅಲ್ಲದ ಕಾರುಗಳಿವೆ. ಮರ್ಸಿಡಿಸ್‌ನ ಎಷ್ಟೋ ಮಾಡೆಲ್‌ಗಳಲ್ಲಿ ಇಎಸ್‌ಪಿ ಆಫ್ ಮಾಡಿದರೂ ಬ್ರೇಕ್ ಜೋರಾಗಿ ಒತ್ತಿದಾಗ ಅದು ಎದ್ದು ಬರುತ್ತದೆ. ಸಾಮಾನ್ಯ 911ಗಳಲ್ಲೂ ಬ್ರೇಕ್ ಒತ್ತಿ ಎಬಿಎಸ್ ಕೆಲಸ ಶುರು ಆಗುವ ಮಟ್ಟ ತಲುಪಿದರೆ ಪಿಎಸ್‌ಎಂ ಮತ್ತೆ ಬರುತ್ತದೆ. ಇದು ಕೆಟ್ಟದ್ದೇನಲ್ಲ. ಆದರೆ ಕಾರು ಅಡ್ಡ ಹೋಗುತ್ತಿರುವಾಗ ನೀವು ಎದುರು ಸ್ಟೀರಿಂಗ್ ಕೊಟ್ಟು, ಜೊತೆಗೆ ಬ್ರೇಕೂ ಒತ್ತಿ, ಅದೇ ಹೊತ್ತಿಗೆ ಕಂಪ್ಯೂಟರ್ ಕೂಡ ಎದ್ದು ಕೂತರೆ ಕಾರು ಇನ್ನೊಂದು ಕಡೆಗೆ ಚಿಮ್ಮಬಹುದು. ನಿಮ್ಮ ಕಾರಿನ ಆಫ್ ಯಾವ ಜಾತಿಯದು ಅಂತ ಮ್ಯಾನುಯಲ್‌ನಲ್ಲಿ ಓದಿಕೊಂಡೇ ಹೋಗಿ.

ಪೂರ್ತಿ ಆಫ್ ಕಲಿಯುವ ಜಾಗ ವೇಗದ ಟ್ರ್ಯಾಕ್ ಅಲ್ಲ. ನೀರು ಹಾಕಿದ ಅಗಲ ಮೈದಾನ, ಅಂದರೆ ಸ್ಕಿಡ್‌ಪ್ಯಾಡ್, ಅದಕ್ಕೆ ಸರಿ. 40-50 ವೇಗದಲ್ಲೇ ಕಾರು ಜಾರುತ್ತದೆ, ತಿರುಗಿ ನಿಂತರೂ ಹೊಡೆಯಲು ಏನೂ ಇರುವುದಿಲ್ಲ. ಅಲ್ಲಿ ಎರಡೂ ಕಡೆಗೆ ಜಾರಿದ ಕಾರನ್ನು ಯೋಚನೆ ಇಲ್ಲದೆ ಹಿಡಿಯಲು ಬಂದ ಮೇಲೆ, ಟ್ರ್ಯಾಕ್‌ನಲ್ಲಿ ನಿಧಾನದ ತಿರುವುಗಳಿಂದ ಶುರು ಮಾಡಬಹುದು. ಮನೆಯಲ್ಲಿ ಸಿಮ್ಯುಲೇಟರ್ ಇದ್ದರೆ ಕೈಗೆ ಅಭ್ಯಾಸ ಆಗುತ್ತದೆ. ಸೀಟಿನ ಕೆಳಗೆ ಮೆತ್ತಗಾಗುವುದನ್ನು ಮಾತ್ರ ಅದು ಕಲಿಸುವುದಿಲ್ಲ.

ದಾರಿ ಐದು: ಅದಿಲ್ಲದ ಕಾರನ್ನೇ ಕೊಳ್ಳುವುದು

ಕೇಟರ್‌ಹ್ಯಾಮ್ ಸೆವೆನ್, ಏರಿಯಲ್ ಆಟಂ, ಅಥವಾ 1989ರಲ್ಲಿ ಬಂದ ಮೊದಲ ತಲೆಮಾರಿನ ಎಂಎಕ್ಸ್-5. ಇವುಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಸೆವೆನ್‌ನಲ್ಲಿ ಎಬಿಎಸ್ ಕೂಡ ಇರುವುದಿಲ್ಲ. ಆದರೂ ಕಲಿಯುವವರಿಗೆ ಇವು ಒಳ್ಳೆಯವು ಅಂತ ಹೇಳುತ್ತಾರೆ, ಅದರಲ್ಲಿ ಅರ್ಥ ಇದೆ. ಸೆವೆನ್ ಅರ್ಧ ಟನ್ನಿನ ಆಸುಪಾಸು ತೂಗುತ್ತದೆ. ಟೈರು ಸಣ್ಣವು. ಕಮ್ಮಿ ವೇಗದಲ್ಲೇ ಜಾರುತ್ತದೆ, ನಿಧಾನವಾಗಿ ಜಾರುತ್ತದೆ, ಹಗುರ ಆದ್ದರಿಂದ ಬೇಗ ಹಿಡಿಯಲು ಬರುತ್ತದೆ.

ಹಗುರ ಕಾರಿನಲ್ಲಿ ಅದು ಇಲ್ಲದಿರುವುದು ಬೇರೆ, ದೊಡ್ಡ ಕಾರಿನಲ್ಲಿ ಇಲ್ಲದಿರುವುದು ಬೇರೆ. ಪೋರ್ಷೆ ಕರೇರಾ ಜಿಟಿಗೆ ವಿ10 ಎಂಜಿನ್, 600ಕ್ಕೂ ಜಾಸ್ತಿ ಕುದುರೆಶಕ್ತಿ. ಟ್ರಾಕ್ಷನ್ ಕಂಟ್ರೋಲ್ ಇತ್ತು, ಸ್ಟೆಬಿಲಿಟಿ ಕಂಟ್ರೋಲ್ ಇರಲಿಲ್ಲ. ಪಳಗಿದ ಡ್ರೈವರ್‌ಗಳೂ ಅದಕ್ಕೆ ಹೆದರಿ ಮರ್ಯಾದೆ ಕೊಡುತ್ತಿದ್ದರು. ಡಾಡ್ಜ್ ವೈಪರ್‌ಗೂ 2013ರ ಮಾಡೆಲ್ ತನಕ ಇಎಸ್‌ಸಿ ಇರಲಿಲ್ಲ. ಆ ಮಾಡೆಲ್ ಬರುವ ಹೊತ್ತಿಗೆ ಅಮೆರಿಕದಲ್ಲಿ ಕಾನೂನೇ ಬಂದಿತ್ತು. ಹಳೇ ಸೂಪರ್‌ಕಾರು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ ಅಂತ ಮೊದಲ ಟ್ರ್ಯಾಕ್ ಕಾರಾಗಿ ಅದನ್ನೇ ತೆಗೆದುಕೊಳ್ಳುವ ಯೋಚನೆ ಇದ್ದರೆ, ದಯವಿಟ್ಟು ಬಿಡಿ.

ಎಲೆಕ್ಟ್ರಿಕ್ ಕಾರಿನ ಬಗ್ಗೆ ಒಂದು ಮಾತು. ಮೋಟರ್‌ನ ಪವರ್ ಇಳಿಸಲು ಏರಿಸಲು ಎಂಜಿನ್‌ಗಿಂತ ಬಹಳ ಕಮ್ಮಿ ಸಮಯ ಸಾಕು. ಹಾಗಾಗಿ ಅಲ್ಲಿ ಟ್ರಾಕ್ಷನ್ ಕಂಟ್ರೋಲ್ ಕೈ ಹಾಕಿದ್ದು ಗೊತ್ತೇ ಆಗದಷ್ಟು ನಯವಾಗಿ ಮಾಡಬಹುದು. ತೂಕ ಮಾತ್ರ ಜಾಸ್ತಿ, ಅದನ್ನು ಯಾವ ಸಾಫ್ಟ್‌ವೇರೂ ಇಳಿಸುವುದಿಲ್ಲ.

ಖರ್ಚಿನ ಲೆಕ್ಕ

ಆನ್ ಇಟ್ಟರೆ ಖರ್ಚಿಲ್ಲ, ಆಫ್ ಮಾಡಿದರೆ ಖರ್ಚು ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಟೈರಿನ ವಿಷಯದಲ್ಲಿ ಅದು ನಿಜ. ಪ್ರತಿ ತಿರುವಿನಲ್ಲೂ ಜಾರಿಸುತ್ತಾ ಹೋದರೆ ಹಿಂದಿನ ಟೈರುಗಳು ಕಣ್ಣೆದುರೇ ಕರಗುತ್ತವೆ.

ಬ್ರೇಕಿನ ಲೆಕ್ಕ ಬೇರೆ. ಇಎಸ್‌ಸಿ ಕೆಲಸ ಮಾಡುವುದೇ ಬ್ರೇಕ್ ಹಾಕಿ. ಒಳಬದಿಯ ಹಿಂದಿನ ಚಕ್ರವನ್ನು ಮತ್ತೆ ಮತ್ತೆ ಹಿಡಿದು ಕಾರನ್ನು ತಿರುಗಿಸುವ ಸಿಸ್ಟಂಗಳೂ ಇವೆ. ಇಪ್ಪತ್ತು ನಿಮಿಷದ ಸೆಷನ್ನಿನಲ್ಲಿ ಲ್ಯಾಂಪ್ ಬಿಡದೆ ಮಿಣುಕುತ್ತಿದ್ದರೆ ಹಿಂದಿನ ಬ್ರೇಕ್ ಪ್ಯಾಡ್‌ಗಳು ಬಿಸಿಯಾಗಿ ಸವೆಯುತ್ತಿವೆ ಅಂತಲೇ ಅರ್ಥ. ಮುಂದಿನ ಪ್ಯಾಡ್‌ಗಿಂತ ಹಿಂದಿನದು ಮೊದಲು ಮುಗಿದರೆ ಆಶ್ಚರ್ಯ ಪಡಬೇಡಿ, ಹೀಗೇ ಆಗಿರುತ್ತದೆ. ಬ್ರೇಕ್ ಆಯಿಲ್ ಕುದಿಯುವ ಮಟ್ಟಕ್ಕೆ ಬಂದರೆ ಪೆಡಲ್ ಮೆತ್ತಗಾಗುತ್ತದೆ, ಆಗ ಯಾವ ಮೋಡ್‌ನಲ್ಲಿದ್ದರೂ ತೊಂದರೆಯೇ. ಪೂರ್ತಿ ಆನ್‌ನಿಂದ ಟ್ರ್ಯಾಕ್ ಮೋಡ್‌ಗೆ ಹೋದರೆ ಬ್ರೇಕ್ ಖರ್ಚು ಇಳಿಯುವುದೂ ಇದೆ.

ಎಲ್ಲಕ್ಕಿಂತ ದೊಡ್ಡ ಖರ್ಚು ಒಂದು ತಪ್ಪಿನದು. ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಹೆಚ್ಚಿನವು ಟ್ರ್ಯಾಕ್ ಓಟವನ್ನು ಹೊರಗಿಟ್ಟಿರುತ್ತವೆ. ಗೋಡೆಗೆ ತಾಗಿದರೆ ಕಾರಿನ ಬಿಲ್ ಪೂರ್ತಿ ನಿಮ್ಮದೇ. ಕಾರು ಮುರಿದರೆ ಇನ್ನೊಂದು ಕೊಳ್ಳುವ ಶಕ್ತಿ ಇಲ್ಲದವರು ನಾಲ್ಕನೇ ದಾರಿಗೆ ಬರಬಾರದು ಅಂತಲೇ ನಾನು ನೇರವಾಗಿ ಹೇಳುವುದು. ಬಜೆಟ್ ಬಿಗಿ ಇದ್ದರೆ ಕಾರಿನ ಪವರ್ ಕಮ್ಮಿ ಮಾಡಿ, ಟ್ರ್ಯಾಕ್ ಮೋಡ್ ಇರುವ ಹಗುರ ಕಾರು ತೆಗೆದುಕೊಂಡು, ಉಳಿದ ದುಡ್ಡನ್ನು ಬ್ರೇಕ್ ಪ್ಯಾಡ್‌ಗೆ, ಇನ್‌ಸ್ಟ್ರಕ್ಟರ್‌ಗೆ ಹಾಕಿ.

ಹಾಗಾದರೆ ಯಾರಿಗೆ ಯಾವುದು

ಮೊದಲ ಕೆಲವು ಟ್ರ್ಯಾಕ್ ಡೇಗಳು ಇನ್ನೂ ಮುಗಿದಿಲ್ಲ ಅಂದರೆ ಪೂರ್ತಿ ಆನ್‌ನಿಂದ ಶುರು, ಲ್ಯಾಂಪ್ ಹೊತ್ತುವುದು ಕಮ್ಮಿ ಆದ ಮೇಲೆ ಟ್ರ್ಯಾಕ್ ಮೋಡ್. ಚೊಕ್ಕ ಲ್ಯಾಪ್‌ಗಳೇ ನಿಮ್ಮ ಮಜಾ ಆಗಿದ್ದರೆ ಅಲ್ಲೇ ಇರಿ, ವರ್ಷಗಟ್ಟಲೆ ಇದ್ದರೂ ಕಲಿಯುವುದು ಮುಗಿಯುವುದಿಲ್ಲ. ತುಂಬಾ ಪವರ್ ಇರುವ ಕಾರು, ತಿರುವಿಗೆ ನುಗ್ಗುವಾಗ ಕೈ ಕಾಲು ಎರಡೂ ಸ್ಥಿರ ಇರುವ ಡ್ರೈವರ್ ಆದರೆ ಟ್ರಾಕ್ಷನ್ ಗುಂಡಿ. ಎಂಜಿನ್ ನಡುವೆ ಇರುವ ಕಾರಾದರೆ ಅಲ್ಲಿಗೆ ಹೋಗಲು ಇನ್ನೂ ಸ್ವಲ್ಪ ತಡ ಮಾಡಿ. ಡ್ರಿಫ್ಟ್ ಹುಚ್ಚು ಇದ್ದರೆ ಹಳೇ ಹಗುರ ಕಾರು, ಸೆಕೆಂಡ್ ಹ್ಯಾಂಡ್ ಟೈರು, ಖಾಲಿ ಮೈದಾನ. ಮಳೆ ಬಂದರೆ ಎಲ್ಲರೂ ಒಂದು ಮೆಟ್ಟಿಲು ಕೆಳಗೆ ಬನ್ನಿ.

ಕಾರು ಇನ್ನೂ ಕೊಂಡಿಲ್ಲ ಅನ್ನುವವರು ಟೆಸ್ಟ್ ಡ್ರೈವ್‌ಗೆ ಹೋದಾಗ ಸೇಲ್ಸ್‌ನವರನ್ನು ಕುದುರೆಶಕ್ತಿ ಎಷ್ಟು ಅಂತ ಕೇಳುವ ಜೊತೆಗೆ ಇವನ್ನೂ ಕೇಳಿ. ಆನ್‌ಗೂ ಆಫ್‌ಗೂ ನಡುವೆ ಮೋಡ್ ಇದೆಯಾ? ಆ ಮೋಡ್ ಆಟೋಮ್ಯಾಟಿಕ್‌ಗೂ ಮ್ಯಾನುಯಲ್‌ಗೂ ಎರಡಕ್ಕೂ ಬರುತ್ತದಾ? ಇಎಸ್‌ಸಿ ಮೋಡ್ ಬದಲಿಸಿದರೆ ಸಸ್ಪೆನ್ಷನ್, ಗೇರು, ಸ್ಟೀರಿಂಗ್ ಎಲ್ಲವೂ ಜೊತೆಗೇ ಬದಲಾಗುತ್ತವಾ, ಅಥವಾ ಬೇರೆ ಬೇರೆ ಇಡಬಹುದಾ? ಮೆತ್ತನೆ ಸಸ್ಪೆನ್ಷನ್ ಜೊತೆ ಟ್ರ್ಯಾಕ್ ಮೋಡ್ ಇಎಸ್‌ಸಿ ಬೇಕು ಅನ್ನಿಸುವ ಟ್ರ್ಯಾಕ್‌ಗಳು ಎಷ್ಟೋ ಇವೆ. ಬಟನ್ ಕೈಗೆ ಸಿಗುವ ಹಾಗಿದೆಯಾ, ಅಥವಾ ಟಚ್ ಸ್ಕ್ರೀನಿನ ಮೂರನೇ ಪುಟದಲ್ಲಿ ಹುಡುಕಬೇಕಾ?

ಕಾರು ಈಗಾಗಲೇ ಇದೆ ಅನ್ನುವವರು ಎರಡು ನೋಡಿಕೊಳ್ಳಿ. ಮುಂದೆ ಹಿಂದೆ ಟೈರಿನ ಸೈಜ್ ಬದಲಿಸಿದ್ದರೆ ಚಕ್ರಗಳ ವೇಗದ ಲೆಕ್ಕ ತಪ್ಪುತ್ತದೆ, ಸಿಸ್ಟಂ ಕಾರಣ ಇಲ್ಲದೆ ಕೈ ಹಾಕಬಹುದು. ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಸ್ಟೀರಿಂಗ್ ಆಂಗಲ್ ಸೆನ್ಸರ್‌ನ ಸೊನ್ನೆ ಸರಿಪಡಿಸದಿದ್ದರೂ ಹಾಗೇ. ಎಡ ತಿರುವಿನಲ್ಲಿ ಲ್ಯಾಂಪ್ ಬೇಗ ಹೊತ್ತಿ, ಅದೇ ತರದ ಬಲ ತಿರುವಿನಲ್ಲಿ ಹೊತ್ತದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಇಎಸ್‌ಸಿ ತಾನಾಗಿ ಪೂರ್ತಿ ಆನ್‌ಗೆ ವಾಪಸ್ ಬಂದಿರುತ್ತದೆ. ಹೋದ ಸೆಷನ್ನಿನ ಮೋಡ್ ಅದು ನೆನಪಿಟ್ಟುಕೊಳ್ಳುವುದಿಲ್ಲ. ಪಿಟ್‌ನಿಂದ ಹೊರಡುವ ಮೊದಲು ಮೀಟರ್ ಕಡೆ ಒಮ್ಮೆ ಕಣ್ಣು ಹಾಯಿಸಿ, ಯಾವ ಮೋಡ್‌ನಲ್ಲಿದ್ದೀರಿ ಅಂತ ಓದಿ, ಆಮೇಲೆ ಗೇರ್ ಹಾಕಿ.